ಗೌರತ್ತಿಯ ಗಾಜು

ಒದ್ದೆಯಾದ ಹಳೆಯ ಪೇಪರಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಶಾಯಿ, ನೀರು, ಧೂಳು ಮೂರೂ ಕೂಡಿ ಬರುವ, ಸ್ವಲ್ಪ ಹುಳಿಯೆನಿಸುವ ವಾಸನೆ. ಅದಕ್ಕೆ ಒಂದಿಷ್ಟು ವಿಭೂತಿಯ ತಣ್ಣನೆಯ ಘಮ ಸೇರಿಸಿಬಿಟ್ಟರೆ ನನ್ನ ಬಾಲ್ಯ ಅಲ್ಲೇ ಎದ್ದು ನಿಲ್ಲುತ್ತದೆ. ಮೊನ್ನೆ ಹಬ್ಬಕ್ಕೆಂದು ಮನೆಯ ಕಿಟಕಿ ಒರೆಸುತ್ತಿದ್ದೆ. ಪೇಪರಿನ ಉಂಡೆಯನ್ನು ನೀರಲ್ಲಿ ಅದ್ದಿ ಗಾಜಿಗೆ ಒತ್ತಿದವಳು ಹಾಗೆಯೇ ನಿಂತುಬಿಟ್ಟೆ. ಒಳಗಿನಿಂದ ಮಗಳು, 'ಅವ್ವಾ, ಹಾಲು ಉಕ್ಕಾಕತ್ತೈತಿ' ಎಂದು ಕೂಗಿದ್ದು ಕೇಳಿಸಿತು. ಕೇಳಿಸಿದರೂ ಕಾಲು ಏಳಲಿಲ್ಲ. ನಾನು ಅಣ್ಣಿಗೇರಿಯ ಪೇಟೆಯಲ್ಲಿ, ನಮ್ಮ ಅಂಗಡಿಯ ಮುಂದೆ, ಎರಡು ಜಡೆಯ ಹುಡುಗಿಯಾಗಿ ನಿಂತಿದ್ದೆ. ಗಾಜಿನ ಆಚೆ ಗೌರತ್ತಿ ಇದ್ದಳು. ಹಾಲು ಉಕ್ಕಿ ಒಲೆಯೆಲ್ಲ ಆಯಿತು.

ಗೌರತ್ತಿ ನನ್ನ ಅಪ್ಪನ ಅಕ್ಕ. ನಮ್ಮದು ಜವಳಿ ಅಂಗಡಿ. ಅಜ್ಜ ಹಾಕಿದ್ದು, ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ನಡೆಸುತ್ತಿದ್ದದ್ದು. ಅಂಗಡಿಯ ಹಿಂಬಾಗಿಲು ನಮ್ಮ ಮನೆಯ ಪಡಸಾಲೆಗೇ ತೆರೆಯುತ್ತಿತ್ತು. ಆಗ ಪೇಟೆಯ ಉಳಿದ ಅಂಗಡಿಗಳಿಗೆಲ್ಲ ಹಲಗೆಯ ಬಾಗಿಲು. ಬೆಳಿಗ್ಗೆ ಒಂದೊಂದೇ ಹಲಗೆ ಕಳಚಿ ಗೋಡೆಗೆ ಆನಿಸುವುದು, ಸಂಜೆ ಮತ್ತೆ ಜೋಡಿಸುವುದು. ನಮ್ಮ ಅಂಗಡಿಗೆ ಮಾತ್ರ ಒಂದು ಬದಿಗೆ ಬಾಗಿಲು, ಉಳಿದ ಮುಂಭಾಗವೆಲ್ಲ ಒಂದೇ ಅಖಂಡ ಗಾಜು. ನಡುವೆ ಕಟ್ಟಿಗೆಯ ಪಟ್ಟಿ ಇಲ್ಲ, ಜೋಡಣೆ ಇಲ್ಲ. ಅಜ್ಜ ಪ್ರಾಯದಲ್ಲಿ ಸರಕು ತರಲು ಮುಂಬಯಿಗೆ ಹೋದಾಗ ಅಲ್ಲಿನ ಯಾವುದೋ ಅಂಗಡಿಗೆ ಇಂಥ ಗಾಜು ಕಂಡು, ಸರಕಿನ ಮಾತು ಮರೆತು ಅದರ ಬೆನ್ನು ಹತ್ತಿದನಂತೆ. ರೈಲಿನಲ್ಲಿ ಬಂದ ಗಾಜನ್ನು ಸ್ಟೇಷನ್ನಿನಿಂದ ಪೇಟೆಗೆ ಚಕ್ಕಡಿಯಲ್ಲಿ, ಹತ್ತಿಯ ಗಾದಿಗಳ ನಡುವೆ ನಿಲ್ಲಿಸಿ, ನಾಲ್ಕಾರು ಮಂದಿ ಹಿಡಿದುಕೊಂಡು ತಂದರಂತೆ. 'ಅವತ್ತ ಎತ್ತಸುದ್ದಾ ಉಸರ ಹಿಡದ ನಡದ್ವು' ಎಂದು ಅಜ್ಜ ಹೇಳುವಾಗ ನಾವೂ ಉಸಿರು ಹಿಡಿದು ಕೇಳುತ್ತಿದ್ದೆವು. ಸುತ್ತಲ ಹಳ್ಳಿಗಳಿಗೆಲ್ಲ ಅದು ಗಾಜಿನಂಗಡಿ. ಸಂತೆಗೆ ಬಂದ ಗಂಡಸರು ಬಟ್ಟೆ ಕೊಳ್ಳದಿದ್ದರೂ ಅದರ ಮುಂದೆ ನಿಂತು ರುಮಾಲು ಸರಿಮಾಡಿಕೊಂಡು ಹೋಗುತ್ತಿದ್ದರು. ಚಹಾದಂಗಡಿಯವರ ಹೋತವೊಂದು ಗಾಜಿನಲ್ಲಿ ಕಂಡ ತನ್ನ ನೆರಳಿನ ಮೇಲೇ ಕಾಲು ಕೆದರಿ ಏರಿ ಬರುತ್ತಿತ್ತು. ಅದಕ್ಕಾಗಿಯೇ ಅಜ್ಜ ಗಾಜಿನ ಮುಂದೆ ಮೊಣಕಾಲೆತ್ತರಕ್ಕೆ ಒಂದು ಕಟ್ಟಿಗೆಯ ಅಡ್ಡಪಟ್ಟಿ ಹಾಕಿಸಿದ್ದ. ಹೋತ ಬುದ್ಧಿ ಕಲಿಯಲಿಲ್ಲ, ಪಟ್ಟಿಗೆ ಹಾಯುವುದನ್ನು ಕಲಿಯಿತು.

ಗಾಜು ಒರೆಸುವುದು ಗೌರತ್ತಿಯ ಕೆಲಸ. ಯಾರೂ ಹಚ್ಚಿದ್ದಲ್ಲ, ತಾನಾಗಿ ಹಿಡಿದದ್ದು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ಹಚ್ಚಿ ಸವೆದು ಉಳಿದ ವಿಭೂತಿಯ ಚೂರುಗಳನ್ನು ಪುಡಿಮಾಡಿಕೊಂಡು, ಹಳೆಯ ಪೇಪರು ಮತ್ತು ಒಂದು ತಂಬಿಗೆ ನೀರು ಹಿಡಿದು ಹಿಂಬಾಗಿಲಿನಿಂದ ಅಂಗಡಿಗೆ ಬರುತ್ತಿದ್ದಳು. ಕಂದೀಲಿನ ಗಾಜನ್ನು ಎಲ್ಲರೂ ವಿಭೂತಿಯಿಂದ ಒರೆಸುತ್ತಿದ್ದ ಕಾಲವದು. ಗೌರತ್ತಿ ಅಂಗಡಿಯ ಗಾಜಿಗೂ ಅದನ್ನೇ ಮಾಡಿದಳು. 'ಏನ ಗೌರಕ್ಕಾ, ಗಾಜಿಗೂ ದೀಕ್ಷಾ ಕೊಟ್ಟೀಯೇನು?' ಎಂದು ಕಾಕಾ ಚೇಷ್ಟೆ ಮಾಡುತ್ತಿದ್ದ. ಆಕೆ ವಿಧವೆ. ರಸ್ತೆಯಲ್ಲಿ ನಿಂತು ಅಂಗಡಿಯ ಗಾಜು ಒರೆಸುವುದು ನಮ್ಮ ಮನೆತನದಲ್ಲಿ ನಡೆಯುವ ಮಾತಲ್ಲ. ಹಾಗಾಗಿ ಒಳಮೈ ಅವಳದು, ಹೊರಮೈ ನನ್ನದು. ಬೇಸಿಗೆಯಲ್ಲಿ ಎರೆಮಣ್ಣಿನ ಕರಿ ಧೂಳು, ಮೆಣಸಿನಕಾಯಿಯ ಸುಗ್ಗಿಯಲ್ಲಿ ಚಕ್ಕಡಿಗಳಿಂದ ಹಾರಿದ ಕೆಂಪು ಧೂಳು. ನಾನು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಒರೆಸುತ್ತಿದ್ದೆ. ನನ್ನ ಎತ್ತರಕ್ಕೆ ಸಂತೆಗೆ ಬಂದ ಮಕ್ಕಳ ಮೂಗಿನ ಗುರುತುಗಳು ಸಾಲಾಗಿ ಇರುತ್ತಿದ್ದವು. ನಾನು ಎಲ್ಲಿ ಕೈಯಾಡಿಸಿದರೆ ಅಲ್ಲಿಗೇ ಗೌರತ್ತಿ ಒಳಗಿನಿಂದ ಕೈ ತರುತ್ತಿದ್ದಳು. ಅಂಗೈಗೆ ಅಂಗೈ, ನಡುವೆ ಗಾಜು. ಆಕೆ ಏನೋ ಹೇಳುತ್ತಿದ್ದಳು, ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಒಳಗೆ ಹೋದ ಮೇಲೆ, 'ಹೂಂ ಅಂದಿಯಲ್ಲ, ಇನ್ನ ನಿನ್ನ ಪಾಲಿನ ಹೋಳಿಗಿ ನನಗ' ಎನ್ನುವಳು. ಇಬ್ಬರೂ ನಗುತ್ತಿದ್ದೆವು.

ಗಾಜಿನ ಹಿಂದೆ ಸೀರೆ ಜೋಡಿಸುವುದೂ ಆಕೆಯದೇ. ಇಳಕಲ್ ಸೀರೆಯ ಕೆಂಪು ಸೆರಗನ್ನು ಮೇಲಿನಿಂದ ಇಳಿಬಿಟ್ಟು, ಕೆಳಗೆ ಕುಪ್ಪಸದ ಖಣಗಳನ್ನು ಬೀಸಣಿಕೆಯ ಹಾಗೆ ಮಡಿಸಿಟ್ಟು, ಒಂದು ಮೂಲೆಗೆ ಧೋತರದ ಬಿಳಿ. ಮದುವೆಗೆ ಎದುರು ಬರಬಾರದವಳೆಂದು ಊರು ಯಾರನ್ನು ಪಕ್ಕಕ್ಕೆ ಸರಿಸಿತ್ತೋ, ಆಕೆಯ ಕೈಯಿಂದಲೇ ಊರಿನ ಮದುವೆಯ ಸೀರೆಗಳೆಲ್ಲ ಮೊದಲು ಬಿಚ್ಚಿಕೊಳ್ಳುತ್ತಿದ್ದವು. ಗೊತ್ತಿದ್ದವರು ಗೊತ್ತಿಲ್ಲದವರ ಹಾಗೆ ಇದ್ದುಬಿಡುತ್ತಿದ್ದರು. ನಮ್ಮ ಕಡೆ ಮದುವೆಯ ಜವಳಿ ತೆಗೆಯಲು ಎರಡೂ ಕಡೆಯವರು ಕೂಡಿ ಬರುತ್ತಾರೆ. ಶಲವಡಿಯಿಂದ, ಮೊರಬದಿಂದ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬಂದು, ಇಡೀ ದಿನ ಗಾದಿಯ ಮೇಲೆ ಕೂತು, ಚಹಾ ಕುಡಿದು, ಬಣ್ಣಕ್ಕೆ ಜಗಳವಾಡಿ, ಹೊತ್ತು ಇಳಿಯುವಾಗ ಗಂಟು ಕಟ್ಟುತ್ತಿದ್ದರು. ಆ ಗಂಟು ಕಟ್ಟುವ ಹೊತ್ತಿಗೆ ಗೌರತ್ತಿ ಹಿಂಬಾಗಿಲಿನಲ್ಲಿ ಕಾಣಿಸಿಕೊಂಡು ಮದುಮಗಳಾಗುವ ಹುಡುಗಿಯನ್ನು ಕರೆಯುತ್ತಿದ್ದಳು. 'ಬಾರವ್ವಾ, ಈ ಸೆರಗೊಂದೀಟು ಹಿಡಿ, ಒಬ್ಬಾಕಿಗೆ ಆಗವಲ್ಲದು.' ಹುಡುಗಿ ಬಂದು ಸೆರಗು ಹಿಡಿದು ಗಾಜಿನ ಹಿಂದೆ ನಿಲ್ಲುತ್ತಿದ್ದಳು. ಅದೇ ಹೊತ್ತಿಗೆ ಹೊರಗೆ, ಗೆಳೆಯರು ದೂಡಿದ ಮದುಮಗ, ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಗಾಜಿನ ಮುಂದೆ ಬಂದಿರುತ್ತಿದ್ದ.

ಇಲ್ಲೇ ಗೌರತ್ತಿಯ ಹಿಕಮತ್ತು. ಹೊರಗೆ ಇನ್ನೂ ಬೆಳಕು, ಒಳಗೆ ಮಬ್ಬು. ಹುಡುಗನಿಗೆ ಗಾಜಿನಲ್ಲಿ ತನ್ನ ಮುಖವೊಂದೇ ಕಾಣುತ್ತಿತ್ತು. ಒಳಗಿದ್ದ ಹುಡುಗಿಗೆ ಅವನು ಕಾಲುಗುರಿನಿಂದ ತಲೆಯವರೆಗೆ ಕಾಣುತ್ತಿದ್ದ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಕೂತಿರಬೇಕು. ನೋಡುವುದು ಅವರ ಪಾಲು, ನೋಡಿಸಿಕೊಳ್ಳುವುದು ಇವಳ ಪಾಲು. ಗೌರತ್ತಿ ಅದನ್ನು ತಿರುಗಿಸಿ ಹಾಕಿದ್ದಳು. ಟ್ಯೂಬ್‌ಲೈಟಿನ ಗುಂಡಿ ಆಕೆಯ ಬೆನ್ನ ಹಿಂದೆಯೇ ಇತ್ತು. 'ನೋಡ್ಕೊ ಯವ್ವಾ, ಗಡಿಬಿಡಿ ಏನಿಲ್ಲ' ಎಂದು, ಹುಡುಗಿ ಸಾಕೆನ್ನುವವರೆಗೂ ನೋಡಲು ಬಿಟ್ಟು, ಆಮೇಲೆ ಗುಂಡಿ ಒತ್ತುತ್ತಿದ್ದಳು. ಲೈಟು ನಾಲ್ಕು ಸಲ ಕಣ್ಣು ಮಿಟುಕಿಸಿ ಹತ್ತಿಕೊಂಡಾಗ ಹೊರಗಿನ ಹುಡುಗನಿಗೆ ತನ್ನ ಮುಖ ಮಾಯವಾಗಿ, ಕೆಂಪು ಸೆರಗಿನ ಪಕ್ಕ ಒಂದು ಹೊಸ ಮುಖ ಕಾಣುತ್ತಿತ್ತು. ಶಲವಡಿಯ ಒಬ್ಬ ಹುಡುಗನಂತೂ ರುಮಾಲು ಕೈಬಿಟ್ಟ, ಅದನ್ನು ಕಾಲಿಗೆ ಸುತ್ತಿಕೊಂಡು ಹೋತ ಪೇಟೆಯ ತುಂಬ ಓಡಿತು. ಇದಕ್ಕೆ 'ಗಾಜಿಗೆ ನಿಲ್ಲಿಸೋದು' ಎಂದು ಹೆಸರೇ ಬಿದ್ದಿತ್ತು. 'ಹುಡುಗಿನ್ನ ಗಾಜಿಗೆ ನಿಲ್ಲಿಸಿದ್ರೇನ್ರಿ?' ಎಂದು ಹಳ್ಳಿಗಳಲ್ಲಿ ಹೆಂಗಸರು ಕೇಳಿಕೊಳ್ಳುತ್ತಿದ್ದರಂತೆ. ಅಪ್ಪ, ಕಾಕಾ ಆ ಹೊತ್ತಿಗೆ ಗಜದ ಕಡ್ಡಿ ಹಿಡಿದು, ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತ, ಏನೂ ಕಾಣದವರ ಹಾಗೆ ಇರುತ್ತಿದ್ದರು. ಕಾಕಾನ ದೊಡ್ಡ ಮಗಳು ಶಾಂತಕ್ಕ ಇದನ್ನೆಲ್ಲ ನೋಡಿ, 'ಅತ್ತೀ, ನನ್ನ ಪಾಳಿ ಬಂದಾಗ ಲೈಟ ಲಗೂ ಹಚ್ಚಬ್ಯಾಡ ಮತ್ತ. ನಾ ಹೊಟ್ಟಿ ತುಂಬ ನೋಡಾಕಿ' ಎನ್ನುತ್ತಿದ್ದಳು. 'ನೋಡುವಂತಿ ಬಿಡ' ಎಂದು ಗೌರತ್ತಿ ಆಗಲೇ ಶಾಂತಕ್ಕನಿಗೆಂದು ಒಂದು ಇಳಕಲ್ ತೆಗೆದು ಮೇಲಿನ ಕಪಾಟಿನಲ್ಲಿ ಇಟ್ಟಿದ್ದಳು.

ಆಕೆ ಯಾಕೆ ಹೀಗೆ ಮಾಡುತ್ತಿದ್ದಳೆಂದು ನಾನು ಒಮ್ಮೆ ಕೇಳಿದ್ದುಂಟು. ಮಧ್ಯಾಹ್ನ ಖಣ ಮಡಿಸುತ್ತ ಕೂತಿದ್ದೆವು. ಆಕೆಗೆ ಮದುವೆಯಾದಾಗ ನನ್ನಷ್ಟೇ ವಯಸ್ಸಂತೆ. ಗಂಡನ ಮನೆಗೆ ಕಳಿಸುವ ಮೊದಲೇ ಅವನು ಜ್ವರ ಬಂದು ತೀರಿಕೊಂಡ. 'ಮಾರಿ ಹೆಂಗಿತ್ತತ್ತೀ?' ಎಂದು ಕೇಳಿದೆ. ಆಕೆ ಖಣದ ಅಂಚನ್ನು ಎರಡು ಸಲ ಸವರಿ, 'ಯಾರಿಗೊತ್ತಬೇ. ಮಾರಿ ಮುಚ್ಚುವಂಗ ಬಾಸಿಂಗಾ ಕಟ್ಟಿದ್ರು. ಕಾಲ ನೋಡೀನಿ, ಎಡಗಾಲಿನ ಹೆಬ್ಬಟ್ಟಿಗೆ ಗಾಯ ಆಗಿತ್ತು' ಎಂದಳು. ಅಷ್ಟೇ. ಒಂದು ಹೆಬ್ಬೆಟ್ಟಿನ ಗಾಯಕ್ಕಾಗಿ ಆಕೆ ಬದುಕಿಡೀ ಬಳೆ ಇಲ್ಲದೆ ಇದ್ದಳು. ನನಗೆ ಆಗ ಅಳು ಬರಲಿಲ್ಲ. ಹೆಬ್ಬೆಟ್ಟಿಗೆ ಹೇಗೆ ಗಾಯವಾಗಿರಬಹುದೆಂದು ಯೋಚಿಸಿದೆ. ಅಳು ಬಂದದ್ದು ಎಷ್ಟೋ ವರ್ಷಗಳ ಮೇಲೆ, ನನ್ನದೇ ಮದುವೆಯ ಫೋಟೋ ನೋಡುತ್ತಿದ್ದಾಗ.

ಅಜ್ಜ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಮಾತು ಕಡಿಮೆಯಾಯಿತು. ರೆಡಿಮೇಡ್ ಪ್ಯಾಂಟು ಶರ್ಟು ತುಂಬಬೇಕು, ಸೀರೆಯ ಕಾಲ ಮುಗಿಯಿತು ಎನ್ನುವುದು ಕಾಕಾನ ಮಾತು. ಅಪ್ಪನಿಗೆ ಹೊಲಿದ ಬಟ್ಟೆ ಮಾರುವುದೆಂದರೆ ಉಂಡ ತಾಟಿನಲ್ಲಿ ಬಡಿಸಿದ ಹಾಗೆ. ಜಗಳ ಆಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತೇನೋ. ಒಂದೇ ಗಾದಿಯ ಎರಡು ತುದಿಗೆ ಕೂತು ಗಿರಾಕಿಗಳ ಮೂಲಕ ಮಾತಾಡತೊಡಗಿದರು. ಕಡೆಗೆ ಬೇರೆಯಾಗುವುದೆಂದು ಆಯಿತು. ಕಾಕಾ ಇನ್ನೊಂದು ಓಣಿಯಲ್ಲಿ ಮನೆ ನೋಡಿದ. ಅಂಗಡಿಯನ್ನು ಹಂಚಿಕೊಡಲು ಅಜ್ಜನ ಗೆಳೆಯರಾದ ಶಲವಡಿಯ ಗೌಡರು ಬಂದು ಪಡಸಾಲೆಯಲ್ಲಿ ಕೂತರು. ಅವ್ವ, ಕಾಕಾನ ಹೆಂಡತಿಯಾದ ಚಿಗವ್ವ, ಗೌರತ್ತಿ ಅಡುಗೆಮನೆಯ ಬಾಗಿಲ ಹಿಂದೆ. ನಾನು ಗೌರತ್ತಿಯ ಸೆರಗಿನ ಹಿಂದೆ.

'ನಡಕ ಒಂದ ಗ್ವಾಡಿ ಹಾಕ್ರಿ. ಎಡಗಡಿದು ದೊಡ್ಡಾಂವಗ, ಬಲಗಡಿದು ಸಣ್ಣಾಂವಗ' ಎಂದರು ಗೌಡರು. ಇಬ್ಬರೂ ಹೂಂ ಎಂದರು. ಕಪಾಟು, ಗಾದಿ, ಸರಕು ಎಲ್ಲ ಸಲೀಸಾಗಿ ಹಂಚಿಕೆಯಾದವು. ಗಾಜಿನ ಹತ್ತಿರ ಬಂದು ನಿಂತಿತು. ಅಪ್ಪ, 'ತಮ್ಮ ಇಟ್ಕೊಳ್ಳಿ ಬಿಡ್ರಿ ಗೌಡ್ರ, ನನಗ ಗಾಜಿಂದ ಏನಾಗಬೇಕಾಗೇತಿ' ಎಂದ. ಕಾಕಾ ತಟ್ಟನೆ, 'ಹಂಗ್ಯಾಕ? ಅಣ್ಣಾನ ಇಟ್ಕೊಳ್ಳಿ. ನಾಳೆ ತಮ್ಮ ಗಾಜ ಹೊಡಕೊಂಡಾ ಅನ್ನೂ ಮಾತ ನನಗ ಬ್ಯಾಡ' ಎಂದ. 'ನೀ ತಗೋ' 'ನೀ ತಗೋ' ಎಂದು ಹೊತ್ತು ಹೋಯಿತು. ಕಸಿದುಕೊಳ್ಳುವ ಜಗಳವನ್ನು ಬಿಡಿಸಬಹುದು. ಬಿಟ್ಟುಕೊಡುವ ಜಗಳವನ್ನು ಬಿಡಿಸುವವರಿಲ್ಲ. ಗೌಡರಿಗೆ ಸಾಕಾಗಿ, 'ಹಂಗಾರ ಅರ್ಧಾ ಅರ್ಧಾ ಮಾಡಿಬಿಡ್ರಿ, ಮುಗೀತು' ಎಂದರು. ಇಬ್ಬರಿಗೂ ಸಮಾಧಾನವಾಯಿತು. 'ಇನ್ನ ಗೌರವ್ವಂದು. ಆರ ತಿಂಗಳಾ ಇಲ್ಲಿ, ಆರ ತಿಂಗಳಾ ಅಲ್ಲಿ. ಇಬ್ಬರೂ ತಮ್ಮಂದ್ರ ಅಲ್ಲೇನು?' ಅದಕ್ಕೂ ಇಬ್ಬರೂ ಹೂಂ ಎಂದರು.

ಆಗ ಗೌರತ್ತಿ ಬಾಗಿಲು ದಾಟಿ ಹೊರಗೆ ಬಂದಳು. ಹಿರಿಯರು ಕೂತ ಪಡಸಾಲೆಗೆ ಆಕೆ ಹಾಗೆ ಬಂದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, 'ಗೌಡ್ರ, ನನಗ ಮತ್ತೇನೂ ಬ್ಯಾಡ್ರಿ. ಆ ಗಾಜ ನನಗ ಕೊಡ್ರಿ' ಎಂದಳು. ಗೌಡರು ಕೆಟ್ಟವರಲ್ಲ. ಬಹಳ ಮೆತ್ತಗೆ ಕೇಳಿದರು: 'ಕೊಡೂಣವ್ವಾ, ಕೊಡಾಕೇನು. ಆದ್ರ ಗಾಜಂದ್ರ ಅದಕ್ಕೊಂದ ಅಂಗಡಿ ಬೇಕು, ಒಂದ ಚೌಕಟ್ಟ ಬೇಕು. ಎಲ್ಲಿ ನಿಲ್ಲಸ್ತಿ ಅದನ್ನ?' ಗೌರತ್ತಿ ಅಪ್ಪನ ಕಡೆ ನೋಡಿದಳು. ಅಪ್ಪ ಗಾದಿಯ ಮೇಲಿನ ನೂಲು ಕೀಳುತ್ತಿದ್ದ. ಕಾಕಾನ ಕಡೆ ನೋಡಿದಳು. ಅವನು ಗೌಡರ ಖಾಲಿ ಕಪ್ಪು ಎತ್ತಿ ಬದಿಗಿಡುತ್ತಿದ್ದ. 'ಹೌದ್ರಿ' ಎಂದಳು ಗೌರತ್ತಿ. ಒಳಗೆ ಬಂದು ರೊಟ್ಟಿಯ ಹಿಟ್ಟಿಗೆ ಕೈ ಹಾಕಿದಳು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆಂದು ಮಾತ್ರ ತಿಳಿಯುವುದಿಲ್ಲ. ಅಲ್ಲಿ ಒಬ್ಬರೂ ಕೆಟ್ಟವರಿರಲಿಲ್ಲ.

ಗಾಜು ಕತ್ತರಿಸುವವನು ಹುಬ್ಬಳ್ಳಿಯಿಂದ ಬಂದ. ಪೆನ್ನಿನಂಥ ಒಂದು ಸಣ್ಣ ಹತಾರ, ಒಂದು ಉದ್ದನೆಯ ಪಟ್ಟಿ; ಅಷ್ಟೇ ಅವನ ಸಾಮಾನು. ಗಾಜನ್ನು ಚೌಕಟ್ಟಿನಿಂದ ಬಿಡಿಸಿ ಅಂಗಡಿಯೊಳಗೆ ಕೌದಿಗಳ ಮೇಲೆ ಮಲಗಿಸಿದರು. ಚೌಕಟ್ಟು ಬೋಳಾದ ಕೂಡಲೇ ರಸ್ತೆಯ ಸದ್ದೆಲ್ಲ ಒಳಗೆ ನುಗ್ಗಿತು. ನಮ್ಮ ಅಂಗಡಿ ಅಷ್ಟು ದಿನ ಎಷ್ಟು ಸ್ತಬ್ಧವಾಗಿತ್ತೆಂದು ಆಗಲೇ ತಿಳಿದದ್ದು. ಪೇಟೆಯ ಅರ್ಧ ಮಂದಿ ನೋಡಲು ನೆರೆದಿದ್ದರು. ಗೌರತ್ತಿ ಪೇಪರು, ವಿಭೂತಿ ಹಿಡಿದು ಬಂದು, 'ನಿಲ್ಲಪಾ, ಒಂದೀಟು ಒರಸ್ತೇನಿ' ಎಂದಳು. ಕತ್ತರಿಸಲಿಕ್ಕಿರುವ ಗಾಜಿಗೆ ಎಂಥ ಒರೆಸುವುದೆಂದು ಅಪ್ಪ ಬೇಡ ಅನ್ನುವಷ್ಟರಲ್ಲಿ ಆ ಮನುಷ್ಯನೇ, 'ಒರಸ್ರಿ ಅವ್ವಾರ, ಧೂಳಿದ್ರ ಗೆರಿ ಹಾದಿ ತಪ್ಪತೈತಿ' ಎಂದ. ಹಾಗಾಗಿ ಗೆರೆ ಹಾದಿ ತಪ್ಪಬಾರದೆಂದು ಗೌರತ್ತಿಯೇ ಒರೆಸಿಕೊಟ್ಟಳು. ಹುಡುಗರು ಹತ್ತಿರ ಬರಬಾರದೆಂದು ನನ್ನನ್ನು ದೂರ ನಿಲ್ಲಿಸಿದ್ದರು. ಆಕೆ ಮಂಡಿಯೂರಿ, ಒಬ್ಬಳೇ, ಈ ತುದಿಯಿಂದ ಆ ತುದಿಗೆ ಸರಿಯುತ್ತ ಒರೆಸಿದಳು. ಆಮೇಲೆ ಅವನು ಪಟ್ಟಿ ಇಟ್ಟು ಗೆರೆ ಎಳೆದ. ಹಲ್ಲು ಜುಮ್ಮೆನ್ನುವಂಥ ಒಂದು ಸದ್ದು. ಕೆಳಗಿನಿಂದ ಮೆಲ್ಲಗೆ ತಟ್ಟಿದ. ಟಕ್ ಎಂದಿತು. ಎರಡು ಪಾಲು, ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. 'ಭೇಷ್!' ಎಂದರು ಜನ. ಅಪ್ಪ ಕಾಕಾ ಇಬ್ಬರೂ ಕೂಡಿ ನಕ್ಕರು. ಎಷ್ಟೋ ತಿಂಗಳಿಂದ ಅವರು ಹಾಗೆ ಕೂಡಿ ನಕ್ಕಿರಲಿಲ್ಲ. ಒಡೆಯಲಿಲ್ಲವಲ್ಲ ಎಂದು ನಾನೂ ಖುಷಿಪಟ್ಟೆ.

ಗೌಂಡಿ ಬಂದದ್ದು ಆಮೇಲೆ. ಅವನು ದಾರ ಹಿಡಿದು ನಡುವೆ ಇಟ್ಟಂಗಿ ಏರಿಸುತ್ತ ಹೋದಂತೆ ಒಂದು ಸಂಗತಿ ಎಲ್ಲರ ಕಣ್ಣಿಗೂ ಬಿತ್ತು. ಗೋಡೆಗೂ ದಪ್ಪ ಇರುತ್ತದೆ. ಸಮಪಾಲು ಮಾಡುವ ಭರದಲ್ಲಿ, ಗೋಡೆಯೂ ತನ್ನ ಪಾಲು ಕೇಳುತ್ತದೆ ಎನ್ನುವುದು ಅಷ್ಟು ಮಂದಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬಾಗಿಲು ಇದ್ದದ್ದು ಒಂದೇ, ಅದೂ ಎಡಗಡೆ. ಕಾಕಾನ ಪಾಲಿಗೆ ಹೊಸ ಬಾಗಿಲು ಬೇಕು ಎನ್ನುವುದೂ ಹೊಳೆದಿರಲಿಲ್ಲ. ಅರ್ಧ ಗಾಜು ಯಾರ ಅಂಗಡಿಗೂ ಕೂರಲಿಲ್ಲ. ಮತ್ತೆ ಕತ್ತರಿಸಬಹುದಿತ್ತು. ಆದರೆ ಒಬ್ಬನದು ಕಡಿಮೆ ಮಾಡಿದರೆ ಇನ್ನೊಬ್ಬನದೂ ಅಷ್ಟೇ ಆಗಬೇಕು, ಅದಕ್ಕೆ ಇಬ್ಬರೂ ಕೂತು ಮಾತಾಡಬೇಕು. ಮಾತಾಡುವಂತಿದ್ದರೆ ಗೋಡೆಯೇ ಬೇಕಿರಲಿಲ್ಲವಲ್ಲ. ಇಬ್ಬರೂ ಕಬ್ಬಿಣದ ಷಟರ್ ಹಾಕಿಸಿದರು. ಬೆಳಿಗ್ಗೆ ಅದನ್ನು ಎತ್ತುವಾಗ ಆಗುವ ಸದ್ದಿಗೆ ಹೋತ ಬೆದರಿ ಓಡುತ್ತಿತ್ತು. ಗಾಜಿನ ಒಂದು ಅರ್ಧ ಕಾಕಾನ ಹಿತ್ತಲಿಗೆ ಹೋಯಿತು. ಇನ್ನೊಂದು ಅರ್ಧವನ್ನು ನಮ್ಮ ಹಿತ್ತಲಲ್ಲಿ, ನೀರಿನ ಹೌದಿನ ಪಕ್ಕ, ಕಾಕಾನ ಅಂಗಡಿಯ ಬೆನ್ನಿನ ಗೋಡೆಗೆ ಆನಿಸಿ ಇಟ್ಟರು. ಗೌರತ್ತಿ ಆರು ತಿಂಗಳು ಇಲ್ಲಿ ಇದನ್ನು ಒರೆಸಿದಳು, ಆರು ತಿಂಗಳು ಅಲ್ಲಿ ಅದನ್ನು ಒರೆಸಿದಳು. ತನ್ನ ಎರಡು ಸೀರೆಗಳ ಗಂಟು, ಲಿಂಗಪೂಜೆಯ ಸಾಮಾನು ಹಿಡಿದು ಓಣಿಯಿಂದ ಓಣಿಗೆ ಹೋಗುತ್ತಿದ್ದಳು. ಈಗ ಆ ಎರಡು ಅಂಗಡಿಗಳೂ ಇಲ್ಲ, ಅಪ್ಪ ಕಾಕಾ ಇಲ್ಲ, ಗೌರತ್ತಿಯಂತೂ ಎಲ್ಲರಿಗಿಂತ ಮೊದಲೇ ಹೋದಳು. ಗಾಜಿಗೆ ನಿಂತ ಹುಡುಗಿಯರು ಎಲ್ಲೆಲ್ಲೋ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು.

ಒಂದು ದಿನವನ್ನು ಹೇಳಿ ಮುಗಿಸುತ್ತೇನೆ. ಗೋಡೆ ಎದ್ದ ಮರುವರ್ಷ ಶಾಂತಕ್ಕನ ಮದುವೆ ನಿಶ್ಚಯವಾಯಿತು. ಅದು ಗೌರತ್ತಿ ನಮ್ಮ ಮನೆಯಲ್ಲಿರುವ ಪಾಳಿ. ಜವಳಿ ತೆಗೆದದ್ದು ಗೋಡೆಯ ಆ ಬದಿಗೆ, ಕಾಕಾನ ಅಂಗಡಿಯಲ್ಲಿ. ಬೀಗರ ಟ್ರ್ಯಾಕ್ಟರು ಬಂದು ನಿಂತದ್ದು, ನಗು, ಚಹಾದ ಕಪ್ಪುಗಳ ಸದ್ದು ಎಲ್ಲವೂ ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಗೌರತ್ತಿಯನ್ನು ಯಾರೂ ಕರೆಯಲಿಲ್ಲ. ಮಂಗಳ ಕಾರ್ಯ, ಕರೆಯುವ ಹಾಗಿರಲಿಲ್ಲ. ಗಾಜು ಇದ್ದಾಗ ಕರೆಯುವ ಅಗತ್ಯವೇ ಇರಲಿಲ್ಲ. ಆಕೆ ಮೇಲಿನ ಕಪಾಟಿನಿಂದ ಆ ಇಳಕಲ್ ತೆಗೆದು, ನನ್ನ ಕೈಯಲ್ಲಿ ಕಾಕಾನ ಅಂಗಡಿಗೆ ಕಳಿಸಿದಳು. ನಾನು ಕೊಟ್ಟು ಬರುವಾಗ ನೋಡಿದೆ: ಹುಡುಗ ಹೊರಗೆ ಟ್ರ್ಯಾಕ್ಟರಿಗೆ ಆನಿಕೊಂಡು ನಿಂತಿದ್ದ, ಒಳಗೆ ಶಾಂತಕ್ಕ ಹಿರಿಯರ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಎದ್ದು ನಿಲ್ಲಲು ಗಾಜಿನ ಹಿಂದಿನ ಆ ಜಾಗವೇ ಇರಲಿಲ್ಲ.

ಹಿತ್ತಲಿಗೆ ಬಂದರೆ ಗೌರತ್ತಿ ಅರ್ಧ ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒರೆಸುತ್ತಿದ್ದಳು. 'ಕೊಟ್ಟೆ ಅತ್ತೀ' ಎಂದೆ. 'ಶಾಂತಿ ಏನಂದ್ಲು?' 'ಏನೂ ಅನ್ನಲಿಲ್ಲ. ಕಣ್ಣೆತ್ತಲಿಲ್ಲ.' ಆಕೆ ಪೇಪರಿನ ಉಂಡೆಯನ್ನು ಮತ್ತೆ ನೀರಲ್ಲಿ ಅದ್ದಿದಳು. ಹೊತ್ತು ಇಳಿಯುತ್ತಿತ್ತು. ಗೋಡೆಯ ಆಚೆ ಗಂಟು ಕಟ್ಟುವ ಗಡಿಬಿಡಿ ಶುರುವಾಗಿತ್ತು. ಗೌರತ್ತಿ ನನ್ನ ಕಡೆ ನೋಡದೆ, ಎಂದಿನ ರೂಢಿಯಲ್ಲೇ, 'ಸುವ್ವೀ, ಆ ಕಡೆ ನಿಂದರು ಬಾರಬೇ' ಎಂದಳು.

'ಆ ಕಡೆ ಗ್ವಾಡಿ ಐತೆತ್ತೀ' ಎಂದೆ.

ಆಕೆಯ ಕೈ ನಿಂತಿತು. 'ಹೌದಲ್ಲ' ಎಂದಳು. ಮತ್ತೆ ಒರೆಸತೊಡಗಿದಳು. ಟ್ರ್ಯಾಕ್ಟರು ಹೊರಟು, ಅದರ ಸದ್ದು ಶಲವಡಿಯ ಹಾದಿಯಲ್ಲಿ ಕರಗುವವರೆಗೂ ಒರೆಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಮಾಡಲು ಏನೂ ಇರಲಿಲ್ಲ. ಗಾಜು ಎಷ್ಟು ಸ್ವಚ್ಛವಾಗಿತ್ತೆಂದರೆ, ಹಿಂದಿನ ಗೋಡೆಯ ಒಂದೊಂದು ಇಟ್ಟಂಗಿಯೂ ಕಾಣುತ್ತಿತ್ತು.